ಬೆನ್ನ ಮೇಲೊಂದು ಹರಿಗೋಲು

ನಮ್ಮೆಲ್ಲರ ಹತ್ತಿರವೂ ಒಂದು ಪುಟ್ಟ ತೂಕದ ಯಂತ್ರ ಇದೆ. ಸೂಟ್‌ಕೇಸಿನ ಹಿಡಿಗೆ ಸಿಕ್ಕಿಸಿ ಎತ್ತಿದರೆ ಎಷ್ಟು ಕೆ.ಜಿ. ಅಂತ ತೋರಿಸುತ್ತಲ್ಲ, ಅದು. ಊರು ಬಿಡುವ ಹಿಂದಿನ ರಾತ್ರಿ ಅದನ್ನು ಹಿಡಿದು ಮನೆಮಂದಿಯೆಲ್ಲ ಪಟ್ಟ ಪಾಡು ನೆನಪಿರಬೇಕು. 23 ಕೆ.ಜಿ.ಯ ಎರಡು ಪೆಟ್ಟಿಗೆ. ಅದರೊಳಗೆ ಕುಕ್ಕರ್, ಸಾರಿನ ಪುಡಿ, ಉಪ್ಪಿನಕಾಯಿ, ಹೊದಿಕೆ. 'ಇದು ಬೇಡಮ್ಮ' ಅಂದರೆ 'ಇರಲಿ ಬಿಡು, ಬೇಕಾಗತ್ತೆ' ಅನ್ನೋ ಉತ್ತರ. ಇಲ್ಲಿಗೆ ಬಂದ ಮೇಲೆ ಆ ಯಂತ್ರ ಡ್ರಾಯರ್ ಸೇರಿ, ಮತ್ತೆ ಊರಿಗೆ ಹೋಗುವ ತನಕ ಅಲ್ಲೇ ಮಲಗಿರುತ್ತೆ.

ಅದನ್ನು ಹೊರಗೆ ತೆಗೆಯಿರಿ ಅಂತ ಹೇಳೋದಕ್ಕೇ ಈ ಲೇಖನ. ನಾವು ಅಂದರೆ ಡಿ.ಸಿ. ಸುತ್ತಮುತ್ತ ಓದುತ್ತಿರುವ ನಾಲ್ವರು, ಜೊತೆಗೆ ಇಲ್ಲೇ ಓದಿ ಈಗ ಅಟ್ಲಾಂಟಾ ಮತ್ತು ಕೆರೊಲಿನಾ ಕಡೆ ಕೆಲಸಕ್ಕೆ ಹೋಗಿರುವ ಇಬ್ಬರು ಸೀನಿಯರ್‌ಗಳು. ಮೂರು ವರ್ಷದಿಂದ ರಜೆ ಸಿಕ್ಕಾಗಲೆಲ್ಲ ಬೆನ್ನಿಗೆ ಚೀಲ ಹಾಕಿಕೊಂಡು ಕಾಡು ಸುತ್ತುತ್ತಿದ್ದೇವೆ. ಮಾಡಿದ ತಪ್ಪುಗಳಿಗೆ ಲೆಕ್ಕವಿಲ್ಲ. ನೀವು ಅವನ್ನೇ ಮತ್ತೆ ಮಾಡೋದು ಬೇಡ.

'ಇರಲಿ'ಯ ಭಾರ

ನಮ್ಮ ಮೊದಲ ಟ್ರಿಪ್ ಶೆನಂಡೋವಾ ರಾಷ್ಟ್ರೀಯ ಉದ್ಯಾನಕ್ಕೆ, ಎರಡು ರಾತ್ರಿಗೆ. ಊರಲ್ಲಿ ಕುಮಾರ ಪರ್ವತ ಹತ್ತಿದವರು ನಾವು ಅನ್ನೋ ಜಂಬ ಇತ್ತು. ಆದರೆ ಕುಮಾರ ಪರ್ವತದ ದಾರಿಯಲ್ಲಿ ಭಟ್ಟರ ಮನೆ ಇದೆ, ಬಿಸಿ ಅನ್ನ ಸಾರು ಸಿಗುತ್ತೆ. ಇಲ್ಲಿ ಅದಿಲ್ಲವಲ್ಲ ಅಂತ ಎಲ್ಲವನ್ನೂ ತುಂಬಿಕೊಂಡೆವು. ತಲಾ ಎರಡು ಜೀನ್ಸ್, ದಪ್ಪ ಟವೆಲ್, ಸ್ಟೀಲ್ ಡಬ್ಬಿಯಲ್ಲಿ ಪುಳಿಯೋಗರೆ ಗೊಜ್ಜು, ಸ್ಪೀಕರ್, ನಾಲ್ಕು ಲೀಟರ್ ನೀರು. ಒಬ್ಬೊಬ್ಬರ ಬೆನ್ನ ಮೇಲೂ 17-18 ಕೆ.ಜಿ. ಎರಡನೇ ದಿನ ಮಂಡಿ ಹಿಡಿದು, ಮೂರನೇ ದಿನ ಬೆಟ್ಟ ನೋಡುವುದು ಬಿಟ್ಟು ಕಾಲಿನ ಹೆಬ್ಬೆರಳನ್ನೇ ನೋಡುತ್ತಾ ನಡೆದೆವು.

ವಾಪಸ್ ಬಂದು ಚೀಲ ಬಿಚ್ಚಿ, ಪ್ರತಿಯೊಂದು ವಸ್ತುವನ್ನೂ ಆ ಯಂತ್ರಕ್ಕೆ ತೂಗುಹಾಕಿ ಬರೆದುಕೊಂಡೆವು. ಬಳಸಿದ್ದು ಒಂದು ಕಡೆ, ಬಳಸದೆ ಇದ್ದದ್ದು ಇನ್ನೊಂದು ಕಡೆ. ಬಳಸದ ಗುಡ್ಡೆಯೇ ಹತ್ತಿರ ಹತ್ತಿರ ಆರು ಕೆ.ಜಿ. ಅದರಲ್ಲಿದ್ದ ಎಲ್ಲವೂ 'ಇರಲಿ' ಅಂತ ಹಾಕಿಕೊಂಡವೇ.

ಇಲ್ಲಿನ ಚಾರಣಿಗರು ಇದಕ್ಕೆ ಒಂದು ಲೆಕ್ಕ ಇಟ್ಟುಕೊಂಡಿದ್ದಾರೆ. ಊಟ, ನೀರು, ಇಂಧನ ಬಿಟ್ಟು ಉಳಿದ ಸಾಮಾನಿನ ತೂಕಕ್ಕೆ ಬೇಸ್ ವೇಟ್ ಅಂತಾರೆ. ಅದು 20 ಪೌಂಡ್, ಅಂದರೆ ಸುಮಾರು 9 ಕೆ.ಜಿ.ಗಿಂತ ಕಡಿಮೆ ಇದ್ದರೆ ಲೈಟ್‌ವೇಟ್. 10 ಪೌಂಡ್, ಅಂದರೆ ನಾಲ್ಕೂವರೆ ಕೆ.ಜಿ.ಗಿಂತ ಕಡಿಮೆ ಇದ್ದರೆ ಅಲ್ಟ್ರಾಲೈಟ್. ನಾವು 11ರಿಂದ ಶುರು ಮಾಡಿ ಈಗ ಐದೂವರೆ, ಆರರ ಆಸುಪಾಸಿನಲ್ಲಿದ್ದೇವೆ. ಅದಕ್ಕಿಂತ ಕೆಳಗೆ ಇಳಿಯಬೇಕಾದರೆ ಜೇಬು ಹಗುರಾಗಬೇಕು. ಅದಕ್ಕೆ ನಾವು ತಯಾರಿಲ್ಲ!

ಹಗುರ ಸಾಮಾನು ಅಂದರೆ ದುಬಾರಿ ಸಾಮಾನು ಅನ್ನುವವರಿಗೆ ಎಮ್ಮಾ ಗೇಟ್‌ವುಡ್ ಅವರ ಕತೆ ಹೇಳಬೇಕು. ಒಹಾಯೊದ ರೈತ ಹೆಣ್ಣುಮಗಳು, ಹನ್ನೊಂದು ಮಕ್ಕಳ ತಾಯಿ. ಜಾರ್ಜಿಯಾದಿಂದ ಮೇಯ್ನ್‌ವರೆಗೆ 14 ರಾಜ್ಯಗಳನ್ನು ಹಾದು ಹೋಗುವ, ಸುಮಾರು 2,190 ಮೈಲಿ ಉದ್ದದ ಅಪಲೇಶಿಯನ್ ಟ್ರೇಲ್ ಅನ್ನು 1955ರಲ್ಲಿ, ತಮ್ಮ 67ನೇ ವಯಸ್ಸಿನಲ್ಲಿ ಒಬ್ಬರೇ ನಡೆದು ಮುಗಿಸಿದರು. ಒಂದೇ ಋತುವಿನಲ್ಲಿ ಹೀಗೆ ಒಂಟಿಯಾಗಿ ಮುಗಿಸಿದ ಮೊದಲ ಮಹಿಳೆ ಅವರು. ಕಾಲಲ್ಲಿ ಕ್ಯಾನ್ವಾಸ್ ಬೂಟು, ಹೆಗಲ ಮೇಲೆ ಕೈಯಾರೆ ಹೊಲಿದ ಡೆನಿಮ್ ಚೀಲ, ಮಳೆಗೆ ಬಚ್ಚಲುಮನೆಯ ಪ್ಲಾಸ್ಟಿಕ್ ಪರದೆ, ಚಳಿಗೆ ಒಂದು ಕಂಬಳಿ. ಹಿಂದಿನ ವರ್ಷ ಹೊರಟು ದಾರಿ ತಪ್ಪಿ ವಾಪಸ್ಸಾಗಿದ್ದರೂ ಮತ್ತೆ ಹೊರಟರು. ಅಜ್ಜಿಯ ಹತ್ತಿರ ದುಡ್ಡಿರಲಿಲ್ಲ, ಆದರೆ ಏನು ಬೇಕು ಏನು ಬೇಡ ಅನ್ನೋದು ಸ್ಪಷ್ಟವಾಗಿ ಗೊತ್ತಿತ್ತು.

1990ರ ದಶಕದಲ್ಲಿ ರೇ ಜಾರ್ಡಿನ್ ಎಂಬ ಎಂಜಿನಿಯರ್ ಇದನ್ನೇ ಒಂದು ಕ್ರಮವಾಗಿ ಬರೆದಿಟ್ಟರು. ಅವರ ವಾದ ಸರಳ. ಒಳಗಿನ ಸಾಮಾನು ಹಗುರಾದರೆ ಅದನ್ನು ಹೊರಲು ಕಬ್ಬಿಣದಂಥ ಚೀಲ ಬೇಡ. ಚೀಲ ಹಗುರಾದರೆ ದಪ್ಪ ಬೂಟು ಬೇಡ. ಬೂಟು ಹಗುರಾದರೆ ದಣಿವು ಕಡಿಮೆ. ಒಂದು ಕಡೆ ಇಳಿಸಿದ ತೂಕ ಇನ್ನೊಂದು ಕಡೆಯೂ ಇಳಿಸುತ್ತೆ. ಹಾಗಾಗಿ ಹೊಸಬರಿಗೆ ನಮ್ಮ ಮೊದಲ ಸಲಹೆ: ಚೀಲವನ್ನು ಕೊನೆಗೆ ಕೊಳ್ಳಿ. ಟೆಂಟು, ಮಲಗುವ ಚೀಲ, ಕೆಳಗೆ ಹಾಸುವ ಮ್ಯಾಟ್ ಮೊದಲು ಹೊಂದಿಸಿ, ಅವು ಹಿಡಿಸುವಷ್ಟು ಚೀಲ ಆಮೇಲೆ ತಗೊಳ್ಳಿ. ಮೊದಲ ಎರಡು ಮೂರು ಸಲ ಕ್ಯಾಂಪಸ್ಸಿನ ಔಟ್‌ಡೋರ್ ವಿಭಾಗದಲ್ಲಿ ಬಾಡಿಗೆಗೆ ಸಿಗುವುದನ್ನೇ ಬಳಸಿ. ಕೊಳ್ಳದೆ ಹಗುರಾಗುವ ಕೆಲವು ದಾರಿಗಳನ್ನೂ ಹೇಳ್ತೀವಿ:

• ಒಂದು ಟೆಂಟನ್ನು ಇಬ್ಬರು ಹಂಚಿಕೊಳ್ಳಿ. ಒಬ್ಬರಿಗೆ ಬಟ್ಟೆ, ಇನ್ನೊಬ್ಬರಿಗೆ ಕಂಬ, ಗೂಟ.
• ಚೀಲದ ಹೊರಗೆ ಮಳೆಕವಚ ಹಾಕುವ ಬದಲು ಒಳಗೆ ಒಂದು ಗಟ್ಟಿ ಕಸದ ಚೀಲ ಹಾಕಿ. 60 ಗ್ರಾಂ. ಇದರ ಮಹಿಮೆ ಮುಂದೆ ಹೇಳ್ತೀವಿ.
• ಒಂದು ಲೀಟರ್ ನೀರು ಅಂದರೆ ಒಂದು ಕೆ.ಜಿ. ನಕಾಶೆಯಲ್ಲಿ ತೊರೆ ಎಲ್ಲೆಲ್ಲಿದೆ ನೋಡಿಕೊಂಡು, ಅಂಗೈಯಲ್ಲಿ ಹಿಡಿಸುವ ಫಿಲ್ಟರ್ ಇಟ್ಟುಕೊಂಡರೆ ನಾಲ್ಕು ಲೀಟರ್ ಹೊರಬೇಕಾಗಿಲ್ಲ. ರಾತ್ರಿ ಹೆಪ್ಪುಗಟ್ಟುವ ಚಳಿ ಇದ್ದರೆ ಫಿಲ್ಟರನ್ನು ಹೊದಿಕೆಯೊಳಗೇ ಇಟ್ಟುಕೊಳ್ಳಿ. ಒಮ್ಮೆ ಹೆಪ್ಪುಗಟ್ಟಿದರೆ ಅದರ ಸೂಕ್ಷ್ಮ ಕೊಳವೆಗಳು ಒಡೆದು ಹೋಗುತ್ತವೆ, ಹೊರಗಿನಿಂದ ಗೊತ್ತೂ ಆಗಲ್ಲ.
• ಟಾಯ್ಲೆಟ್ ಪೇಪರಿನ ವಿಷಯದಲ್ಲಿ ನಾವೇ ಮುಂದು. ಇಲ್ಲಿನ ಹಗುರ ಚಾರಣಿಗರು ಈಗ ಬಾಟಲಿಯ ಬಾಯಿಗೆ ಹಾಕುವ ಪುಟ್ಟ ತೂತಿನ ಮುಚ್ಚಳ ಬಳಸುತ್ತಾರೆ. ನಮ್ಮ ಚೊಂಬಿನ ಪದ್ಧತಿಯೇ! ಹೊಳೆ, ದಾರಿ, ಟೆಂಟುಗಳಿಂದ 200 ಅಡಿ ದೂರ ಹೋಗಿ, ಆರೆಂಟು ಇಂಚು ಗುಂಡಿ ತೋಡಿ, ಮುಚ್ಚಿ ಬನ್ನಿ.

ಬುತ್ತಿ

ಊಟದಲ್ಲಿ ನೋಡಬೇಕಾದ್ದು ಗ್ರಾಂಗೆ ಎಷ್ಟು ಕ್ಯಾಲೊರಿ ಅನ್ನೋದು. ಅಂಗಡಿಯ ಒಣಗಿಸಿದ ಊಟದ ಪೊಟ್ಟಣ ಒಂದಕ್ಕೆ ಹತ್ತು ಡಾಲರ್ ದಾಟುತ್ತೆ. ನಮ್ಮ ಅಜ್ಜಿಯಂದಿರು ಕಾಲುನಡಿಗೆಯ ದೂರಪ್ರಯಾಣಕ್ಕೆ ಕಟ್ಟುತ್ತಿದ್ದ ಬುತ್ತಿ ಇದಕ್ಕಿಂತ ಜಾಣತನದ್ದು. ಅವಲಕ್ಕಿಗೆ ಒಲೆಯೇ ಬೇಡ, ತಣ್ಣೀರಲ್ಲೂ ನೆನೆಯುತ್ತೆ. 100 ಗ್ರಾಂಗೆ ಸುಮಾರು 350 ಕ್ಯಾಲೊರಿ. ಶೇಂಗಾ ಸುಮಾರು 570, ಒಣಕೊಬ್ಬರಿ 650ರ ಮೇಲೆ, ತುಪ್ಪ 900ರ ಹತ್ತಿರ. ಬೆಳಿಗ್ಗೆ ಹುರಿಹಿಟ್ಟಿಗೆ ಬೆಲ್ಲ, ಹಾಲಿನಪುಡಿ ಕಲಸಿಕೊಂಡರೆ ಆಯಿತು. ಮಧ್ಯಾಹ್ನ ಚಪಾತಿ, ಚಟ್ನಿಪುಡಿ, ತುಪ್ಪ. ರಾತ್ರಿ ಮನೆಯಲ್ಲೇ ಹುರಿದು ಒಗ್ಗರಣೆ ಹಾಕಿ ಪೊಟ್ಟಣ ಕಟ್ಟಿದ ರವೆಗೆ ಬಿಸಿನೀರು ಹಾಕಿದರೆ ಉಪ್ಪಿಟ್ಟು. ದಿನಕ್ಕೆ ಒಬ್ಬರಿಗೆ 650-700 ಗ್ರಾಂ ಸಾಕು.

ಒಂದು ಎಚ್ಚರಿಕೆ. ಇಂಗು, ತುಪ್ಪದ ಘಮ ನಮಗೆಷ್ಟು ಇಷ್ಟವೋ ಕರಡಿಗೂ ಅಷ್ಟೇ ಇಷ್ಟ. ಟೆಂಟಿನೊಳಗೆ ಊಟದ ಒಂದು ಚೂರೂ ಇರಕೂಡದು, ಟೂತ್‌ಪೇಸ್ಟ್ ಕೂಡ. ಜಾರ್ಜಿಯಾದ ಬ್ಲಡ್ ಮೌಂಟನ್ ಸುತ್ತ ವಸಂತದ ತಿಂಗಳುಗಳಲ್ಲಿ, ನಾರ್ತ್ ಕೆರೊಲಿನಾದ ಶೈನಿಂಗ್ ರಾಕ್ ಕಾಡಿನಲ್ಲಿ, ರಾತ್ರಿ ತಂಗುವವರಿಗೆ ಕರಡಿ ತೆಗೆಯಲಾಗದ ಗಟ್ಟಿ ಡಬ್ಬಿ ಕಡ್ಡಾಯ. ಡಬ್ಬಿಯೇ ಒಂದು ಕೆ.ಜಿ. ಆಗುತ್ತೆ. ಆದರೂ ಹೊರಲೇಬೇಕು. ಮನುಷ್ಯರ ಊಟದ ರುಚಿ ಹತ್ತಿದ ಕರಡಿಯನ್ನು ಕೊನೆಗೆ ಕೊಲ್ಲಬೇಕಾಗುತ್ತೆ.

ಚೀಲದೊಳಗಿನ ದೋಣಿ

ಹಂಪಿಯಲ್ಲೋ ತಲಕಾಡಿನಲ್ಲೋ ಹರಿಗೋಲು ಹತ್ತದವರು ಕಡಿಮೆ. ಅಂಬಿಗ ಜನರನ್ನು ಕೆಳಗಿಳಿಸಿ, ಹರಿಗೋಲನ್ನು ಛತ್ರಿಯ ಹಾಗೆ ತಲೆ ಮೇಲೆ ಹೊತ್ತು ದಂಡೆಯಲ್ಲಿ ನಡೆದು ಹೋಗೋದನ್ನು ನೋಡಿದ್ದೀರಾ? ದೋಣಿ ಮನುಷ್ಯನನ್ನು ಹೊರಬೇಕು, ಬೇಕಾದಾಗ ಮನುಷ್ಯ ದೋಣಿಯನ್ನೂ ಹೊರುವಂತಿರಬೇಕು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೈಸ್, ಬುಟ್ಟಿಯಂತೆ ದುಂಡಗಿರುವ, ಒಳಗೆ ಬೆತ್ತ ಹೊರಗೆ ಚರ್ಮದ ಈ ದೋಣಿಗಳನ್ನು ಕಂಡು ಬರೆದಿಟ್ಟಿದ್ದಾನೆ.

ಪ್ಯಾಕ್‌ರಾಫ್ಟ್ ಅಂದರೆ ಮಡಚಿ ಚೀಲಕ್ಕೆ ತುರುಕಬಹುದಾದ ಹರಿಗೋಲು. 1840ರ ದಶಕದಲ್ಲೇ ಪೀಟರ್ ಹಾಲ್ಕೆಟ್ ಎಂಬ ಬ್ರಿಟಿಷ್ ನೌಕಾಧಿಕಾರಿ, ಮೈಮೇಲೆ ಹೊದ್ದರೆ ಮಳೆಗವಚ, ಗಾಳಿ ತುಂಬಿದರೆ ದೋಣಿ ಆಗುವ ರಬ್ಬರ್ ಬಟ್ಟೆಯೊಂದನ್ನು ಮಾಡಿದ್ದ. ಆದರೆ ಇದು ಇವತ್ತಿನ ರೂಪಕ್ಕೆ ಬಂದದ್ದು ಅಲಾಸ್ಕಾದಲ್ಲಿ. 1982ರಲ್ಲಿ ಅಲ್ಲಿನ ಕಾಡು ದಾಟುವ ಸ್ಪರ್ಧೆಯೊಂದರಲ್ಲಿ ಎಲ್ಲರೂ ಹೊಳೆ ದಾಟೋದು ಹೇಗೆ ಅಂತ ನಿಂತಾಗ, 55 ವರ್ಷದ ಡಿಕ್ ಗ್ರಿಫಿತ್ ಚೀಲದಿಂದ ಪುಟ್ಟ ಗಾಳಿದೋಣಿ ತೆಗೆದು ದಾಟಿಯೇ ಬಿಟ್ಟರು. 2000ದ ಸುಮಾರಿಗೆ ಶೆರಿ ಟಿಂಗಿ ಎಂಬ ಅಲಾಸ್ಕಾದ ಮಹಿಳೆ ಮಗನಿಗಾಗಿ ಗಟ್ಟಿಯಾದ ದೋಣಿಯೊಂದನ್ನು ತಯಾರಿಸಿದರು. ಅದರಿಂದಲೇ ಅಲ್ಪಾಕಾ ರಾಫ್ಟ್ ಕಂಪನಿ ಹುಟ್ಟಿತು.

ದೋಣಿಯ ಬಟ್ಟೆ ಲೇಪ ಹಾಕಿದ ನೈಲಾನ್. ತೂಕ ಒಂದೂವರೆಯಿಂದ ನಾಲ್ಕು ಕೆ.ಜಿ. ಪಂಪು ಬೇಡ. ಜೊತೆಗೆ ಬರುವ ತೆಳು ಬಟ್ಟೆಯ ಚೀಲದಲ್ಲಿ ಗಾಳಿ ಹಿಡಿದು, ಬಾಯಿ ಮುಚ್ಚಿ ಹಿಂಡಿದರೆ ಹತ್ತು ನಿಮಿಷದಲ್ಲಿ ದೋಣಿ ತಯಾರು. ನೀರಿಗಿಟ್ಟ ಕೂಡಲೇ ಮೆತ್ತಗಾದರೆ ಗಾಬರಿ ಬೇಡ. ತಣ್ಣೀರಿಗೆ ಒಳಗಿನ ಗಾಳಿ ಕುಗ್ಗುತ್ತೆ, ಇನ್ನೊಂದಿಷ್ಟು ಊದಿ. ಹುಟ್ಟು ನಾಲ್ಕು ತುಂಡಾಗಿ ಬಿಚ್ಚಿಕೊಳ್ಳುತ್ತೆ. ಬೆನ್ನಿನ ಚೀಲವನ್ನು ದೋಣಿಯ ಮುಂಭಾಗಕ್ಕೆ ಕಟ್ಟಬೇಕು.

ನಮಗೆ, ಅಂದರೆ ಕಾರಿಲ್ಲದ ವಿದ್ಯಾರ್ಥಿಗಳಿಗೆ, ಇದರ ದೊಡ್ಡ ಲಾಭ ಬೇರೆಯೇ ಇದೆ. ಮಾಮೂಲಿ ದೋಣಿಯಾದರೆ ಇಳಿಯುವ ಕಡೆ ಒಂದು ಕಾರು, ಹತ್ತುವ ಕಡೆ ಇನ್ನೊಂದು ಕಾರು ಬೇಕು. ಪ್ಯಾಕ್‌ರಾಫ್ಟ್ ಆದರೆ ಮೇಲಕ್ಕೆ ನಡೆದು ಹೋಗಿ, ಕೆಳಕ್ಕೆ ತೇಲಿ ಬರಬಹುದು. ಬೇಕಾದರೆ ರೈಲಿನಲ್ಲೂ ಹೋಗಬಹುದು.

ಆ ಮಾರ್ಚ್ ತಿಂಗಳು

ಹಗುರ ಮಾಡುವ ಹುಚ್ಚು ಹತ್ತಿದ ಮೇಲೆ ಕೈಗೆ ಸಿಕ್ಕಿದ್ದೆಲ್ಲ ಭಾರ ಅನಿಸತೊಡಗಿತು. ಎರಡನೇ ವರ್ಷದ ಮಾರ್ಚ್ ಕೊನೆಯಲ್ಲಿ ಪೊಟೊಮ್ಯಾಕ್ ಹೊಳೆಗೆ ಇಳಿದೆವು. ಬಿಸಿಲು ಚೆನ್ನಾಗಿತ್ತು, ಅಂಗಿ ಸಾಕಾಗುವಷ್ಟು. ನೀರು ಮಾತ್ರ ಇನ್ನೂ ಚಳಿಗಾಲದಲ್ಲೇ ಇತ್ತು. ನಮ್ಮಲ್ಲೊಬ್ಬ ಲೈಫ್ ಜಾಕೆಟ್ ಸೆಕೆ ಅಂತ ಬಿಚ್ಚಿ ದೋಣಿಯ ಮೂತಿಗೆ ಸಿಕ್ಕಿಸಿದ. 'ನೀರು ಕೆರೆ ಥರ ಇದೆ, ಇರಲಿ ಬಿಡು' ಅಂದೆವು. ನೋಡಿ, ಅಲ್ಲೂ ಅದೇ ಮಾತು.

ತಿರುವಿನಲ್ಲಿ ಒಂದು ಮರ ಹೊಳೆಗೆ ಅಡ್ಡ ಬಿದ್ದಿತ್ತು. ನೀರು ಕೊಂಬೆಗಳ ಸಂದಿಯಿಂದ ಹರಿದು ಹೋಗುತ್ತೆ, ಮನುಷ್ಯ ಹೋಗಲಾರ. ದೋಣಿ ಅಡ್ಡಡ್ಡ ಹೋಗಿ ಅದಕ್ಕೆ ತಾಗಿತು, ಮಗುಚಿತು. ಅವನು ಕೊಂಬೆಯ ಹೊರಗೆ ಬಿದ್ದದ್ದು ಪುಣ್ಯ. ಅವನಿಗೆ ಈಜು ಬರುತ್ತೆ, ಊರ ಕೆರೆಯಲ್ಲೇ ಕಲಿತವನು. ಆದರೂ ಬಾಯಿಂದ ಮಾತೇ ಹೊರಡಲಿಲ್ಲ, ಬರೀ ಏದುಸಿರು. ಇನ್ನೊಬ್ಬಳು ದೋಣಿ ಹತ್ತಿರ ತಂದು ಹಿಡಿದುಕೊಳ್ಳಲು ಕೊಟ್ಟು ದಂಡೆಗೆ ಎಳೆಯುವಷ್ಟರಲ್ಲಿ ಅವನ ಬೆರಳು ಸೆಟೆದುಕೊಂಡು ಜಿಪ್ ಹಿಡಿಯಲೂ ಆಗುತ್ತಿರಲಿಲ್ಲ. ಹಾಕಿದ್ದು ಜೀನ್ಸ್. ನಾವೇ ಬಿಚ್ಚಿ, ಅವನದೇ ಮಲಗುವ ಚೀಲದೊಳಗೆ ತೂರಿಸಿದೆವು. ಅದು ಒಣಗಿತ್ತು, ಆ 60 ಗ್ರಾಂ ಕಸದ ಚೀಲದಿಂದಾಗಿ. ಅವನ ನಡುಕ ನಿಲ್ಲಲು ಒಂದು ಗಂಟೆ ಹಿಡಿಯಿತು.

ಆ ಸಂಜೆ ಸಿಗ್ನಲ್ ಬಂದಾಗ ಅವನಿಗೆ ಊರಿಂದ ಫೋನ್. 'ಊಟ ಆಯ್ತೇನಪ್ಪಾ?' ಅಂತ ಅಮ್ಮ. 'ಹೂಂ ಅಮ್ಮ, ಆಯ್ತು' ಅಂದ. ನಾವ್ಯಾರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅವನ ಹೆಸರು ಇಲ್ಲಿ ಬರೆಯಲ್ಲ. ಈ ಲೇಖನ ಬರೆದವರಲ್ಲಿ ಅವನೂ ಒಬ್ಬ.

ಆಮೇಲೆ ಓದಿ ತಿಳಿದದ್ದು. ತಣ್ಣೀರಿಗೆ ಬಿದ್ದರೆ ಮೊದಲ ಒಂದು ನಿಮಿಷ ಉಸಿರು ನಮ್ಮ ಹಿಡಿತದಲ್ಲಿರಲ್ಲ; ನೀರು ಕುಡಿಯುವುದು ಆಗಲೇ. ನಂತರ ಸುಮಾರು ಹತ್ತು ನಿಮಿಷ ಮಾತ್ರ ಕೈಕಾಲು ಮಾತು ಕೇಳುತ್ತವೆ. ಪ್ರಜ್ಞೆ ತಪ್ಪಲು ಒಂದು ಗಂಟೆಯಷ್ಟಾದರೂ ಬೇಕು. ಆದರೆ ಆ ಒಂದು ಗಂಟೆ ನಮಗೆ ಸಿಗಬೇಕಾದರೆ ತಲೆ ನೀರಿನ ಮೇಲಿರಬೇಕು, ಅದನ್ನು ಮೇಲಿಡುವುದು ಜಾಕೆಟ್. ಈಜು ಬರುತ್ತೋ ಇಲ್ಲವೋ ಅನ್ನೋದು ಇಲ್ಲಿ ದೊಡ್ಡ ವಿಷಯವೇ ಅಲ್ಲ. ಮೇರಿಲ್ಯಾಂಡಿನ ಕಾನೂನಿನಂತೆ ನವೆಂಬರ್ 15ರಿಂದ ಮೇ 15ರವರೆಗೆ ಸಣ್ಣ ದೋಣಿಯಲ್ಲಿ ಹೋಗುವ ಎಲ್ಲರೂ ಅದನ್ನು ತೊಟ್ಟಿರಲೇಬೇಕು. ನಮಗೆ ಅದೂ ಗೊತ್ತಿರಲಿಲ್ಲ.

ಅವತ್ತಿನಿಂದ ನಮ್ಮ ಪಟ್ಟಿ ಎರಡು ಭಾಗ ಆಯಿತು. ಒಂದು 'ಇರಲಿ', ಇನ್ನೊಂದು 'ಇರಲೇಬೇಕು'. ಮೊದಲನೆಯದರಿಂದ ಎಷ್ಟು ಬೇಕಾದರೂ ಕಿತ್ತು ಹಾಕಬಹುದು. ಎರಡನೆಯದನ್ನು ತೂಕದ ಯಂತ್ರಕ್ಕೆ ಹಾಕುವುದೇ ಇಲ್ಲ. ಅದರಲ್ಲಿರುವುದು ಇಷ್ಟು: ತೊಟ್ಟ ಲೈಫ್ ಜಾಕೆಟ್, ಹತ್ತಿಯದಲ್ಲದ ಒಂದು ಜೊತೆ ಒಣಬಟ್ಟೆ, ಮಳೆಯಂಗಿ, ತಲೆದೀಪ, ಪ್ರಥಮ ಚಿಕಿತ್ಸೆ, ಕಾಗದದ ನಕಾಶೆ, ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನ ಅಥವಾ ಆ ಸೌಲಭ್ಯದ ಫೋನು. ಜೊತೆಗೆ ತೂಕವೇ ಇಲ್ಲದ ಇನ್ನೊಂದು: ಎಲ್ಲಿಗೆ ಹೋಗುತ್ತೇವೆ, ಯಾವಾಗ ಬರುತ್ತೇವೆ, ಬಾರದಿದ್ದರೆ ಎಷ್ಟು ಹೊತ್ತಿಗೆ ಯಾರಿಗೆ ಫೋನ್ ಮಾಡಬೇಕು ಅಂತ ರೂಮ್‌ಮೇಟಿಗೆ ಬರೆದುಕೊಟ್ಟ ಚೀಟಿ. ಇಲ್ಲಿ ನಮ್ಮನ್ನು ಹುಡುಕಿಕೊಂಡು ಬರಲು ಅಣ್ಣನೋ ಮಾವನೋ ಇಲ್ಲ. ಹೆಲ್ತ್ ಇನ್ಶೂರೆನ್ಸ್ ಏನೇನು ಭರಿಸುತ್ತೆ ಅಂತಲೂ ಹೊರಡುವ ಮುಂಚೆಯೇ ಓದಿಕೊಳ್ಳಿ.

ಎಲ್ಲಿಗೆ ಹೋಗಬಹುದು?

ಡಿ.ಸಿ.ಯವರಿಗೆ: ಯೂನಿಯನ್ ಸ್ಟೇಷನ್ನಿನಿಂದ ಮಾರ್ಕ್ ರೈಲು ಪೊಟೊಮ್ಯಾಕ್ ದಂಡೆಗುಂಟ ಪಾಯಿಂಟ್ ಆಫ್ ರಾಕ್ಸ್, ಬ್ರನ್ಸ್‌ವಿಕ್, ಹಾರ್ಪರ್ಸ್ ಫೆರಿಗೆ ಹೋಗುತ್ತೆ. ವಾರದ ದಿನಗಳಲ್ಲಿ ಮಾತ್ರ. ಶುಕ್ರವಾರ ಸಂಜೆ ಹಾರ್ಪರ್ಸ್ ಫೆರಿಯಲ್ಲಿ ಇಳಿದು ಸೇತುವೆ ದಾಟಿದರೆ ಸಿ ಅಂಡ್ ಒ ಕಾಲುವೆಯ ದಾರಿ. ಜಾರ್ಜ್‌ಟೌನಿನಿಂದ ಕಂಬರ್ಲ್ಯಾಂಡಿನವರೆಗೆ 184.5 ಮೈಲಿ, ಅಲ್ಲಲ್ಲಿ ಉಚಿತ ಕ್ಯಾಂಪ್ ತಾಣಗಳು. ಎರಡು ಮೈಲಿ ಮೇಲಕ್ಕೆ ನಡೆದು ಹಕಲ್‌ಬೆರಿ ಹಿಲ್‌ನಲ್ಲಿ ರಾತ್ರಿ. ಶನಿವಾರ ದಂಡೆಯಲ್ಲೇ ಬ್ರನ್ಸ್‌ವಿಕ್‌ಗೆ ನಡಿಗೆ. ಹಾರ್ಪರ್ಸ್ ಫೆರಿ ಬಳಿಯ ಹೊಳೆಯಲ್ಲಿ ಬಂಡೆ, ಸೆಳವು ಇವೆ. ಹೊಸಬರು ಅಲ್ಲಿ ದೋಣಿ ಇಳಿಸಬೇಡಿ. ಭಾನುವಾರ ಬ್ರನ್ಸ್‌ವಿಕ್‌ನಿಂದ ಪಾಯಿಂಟ್ ಆಫ್ ರಾಕ್ಸ್‌ಗೆ ಸುಮಾರು ಏಳು ಮೈಲಿ ತೇಲಿಕೊಂಡು ಬನ್ನಿ. ಅರ್ಧ ಮೈಲಿ ಕೆಳಗೆ ಕ್ಯಾಲಿಕೊ ರಾಕ್ಸ್ ತಾಣ. ಸೋಮವಾರ ಬೆಳಗಿನ ರೈಲು ಹಿಡಿದರೆ ಕ್ಲಾಸಿಗೆ ಸರಿಯಾಗಿ ಬಂದುಬಿಡಬಹುದು, ಮೈಯಿಂದ ಹೊಳೆಯ ವಾಸನೆ ಬರುತ್ತೆ ಅಷ್ಟೆ. ಹೊರಡುವ ಮುಂಚೆ ಪಾಯಿಂಟ್ ಆಫ್ ರಾಕ್ಸ್‌ನ ಯು.ಎಸ್.ಜಿ.ಎಸ್. ಮಾಪಕದಲ್ಲಿ ನೀರಿನ ಮಟ್ಟ ನೋಡಿ. ಮಳೆ ಬಂದು ಕೆಂಪಾಗಿ ಏರುತ್ತಿದ್ದರೆ ಬರೀ ನಡೆದು ಬನ್ನಿ. ಇದೇ ಹೊಳೆ ಕೆಳಗೆ ಗ್ರೇಟ್ ಫಾಲ್ಸ್ ಆಗುತ್ತೆ, ಅಲ್ಲಿಗೆ ದೋಣಿಯ ಯೋಚನೆಯೇ ಬೇಡ. ಮನೆಗೆ ಬಂದು ಮೈಮೇಲೆ ಉಣ್ಣೆ ಇದೆಯಾ ನೋಡಿಕೊಳ್ಳಿ, ಈ ಕಡೆ ಲೈಮ್ ಕಾಯಿಲೆ ಇದೆ.

ಅಟ್ಲಾಂಟಾದವರಿಗೆ: ದೋಣಿ ಕಲಿಯಲು ಊರೊಳಗೇ ಚಟ್ಟಹೂಚಿ ಹೊಳೆ ಇದೆ. ಬುಫರ್ಡ್ ಅಣೆಕಟ್ಟು ಸರೋವರದ ತಳದ ನೀರನ್ನು ಬಿಡುವುದರಿಂದ ಆಗಸ್ಟಿನ ಬಿಸಿಲಲ್ಲೂ ಅದು ಕೊರೆಯುತ್ತೆ. ನೀರು ಬಿಡುವ ವೇಳಾಪಟ್ಟಿ ನೋಡಿಯೇ ಇಳಿಯಿರಿ. ನಡಿಗೆಗಾದರೆ ಅಮಿಕಲೋಲ ಜಲಪಾತದ ಪಕ್ಕದ 604 ಮೆಟ್ಟಿಲು. ಚಾಮುಂಡಿ ಬೆಟ್ಟ ಹತ್ತಿದವರಿಗೆ ಲೆಕ್ಕಕ್ಕಿಲ್ಲ ಅನಿಸಬಹುದು, ಬೆನ್ನ ಮೇಲೆ ಚೀಲ ಇದ್ದಾಗ ಗೊತ್ತಾಗುತ್ತೆ! ಅಲ್ಲಿಂದ ಎಂಟೂವರೆ ಮೈಲಿಗೆ ಸ್ಪ್ರಿಂಗರ್ ಮೌಂಟನ್, ಅಪಲೇಶಿಯನ್ ಟ್ರೇಲಿನ ದಕ್ಷಿಣದ ತುದಿ. ಇನ್ನೂ 31 ಮೈಲಿಗೆ ನೀಲ್ ಗ್ಯಾಪ್. ಟ್ರೇಲು ಅಲ್ಲಿನ ಕಲ್ಲಿನ ಅಂಗಡಿಯ ಕಟ್ಟಡದೊಳಗಿಂದಲೇ ಹಾದು ಹೋಗುತ್ತೆ. ಚಾರಣಿಗರ ಚೀಲ ಬಿಚ್ಚಿಸಿ, ಬೇಡದ್ದನ್ನು ಬೇರೆ ಮಾಡಿಸಿ ಮನೆಗೆ ಪಾರ್ಸೆಲ್ ಮಾಡಿಸುವುದರಲ್ಲಿ ಅಂಗಡಿಯವರು ಪಳಗಿದ ಕೈ. ಪಕ್ಕದ ಮರದ ತುಂಬ ಜನ ಎಸೆದ ಹಳೇ ಬೂಟುಗಳು ನೇತಾಡುತ್ತವೆ. ಜಾರ್ಜಿಯಾ-ಸೌತ್ ಕೆರೊಲಿನಾ ಗಡಿಯ ಚಟ್ಟೂಗ ಹೊಳೆ ಹೆಸರುವಾಸಿ, ಆದರೆ ಅದರ ಕೆಳಭಾಗ ಪಳಗಿದವರಿಗೇ ಸರಿ.

ಕೆರೊಲಿನಾದವರಿಗೆ: ಕೊಲಂಬಿಯಾ ಹತ್ತಿರದ ಕಾಂಗರಿ ರಾಷ್ಟ್ರೀಯ ಉದ್ಯಾನದ ಸೀಡರ್ ಕ್ರೀಕ್‌ನಲ್ಲಿ 15 ಮೈಲಿಯ ದೋಣಿದಾರಿ ಇದೆ. ಕಪ್ಪು ನಿಶ್ಚಲ ನೀರು, ನೀರಲ್ಲೇ ನಿಂತ ಮರಗಳು. ಕ್ಯಾಂಪ್ ಪರ್ಮಿಟ್ ಉಚಿತ. ಸಂದರ್ಶಕರ ಕೇಂದ್ರದಲ್ಲಿ ಸೊಳ್ಳೆಗಳ ಹಾವಳಿ ಎಷ್ಟು ಅಂತ ತೋರಿಸುವ ಫಲಕವೇ ಇದೆ, ಬೇಸಿಗೆಯಲ್ಲಿ ಅದನ್ನು ತಮಾಷೆ ಅಂದುಕೊಳ್ಳಬೇಡಿ.

ನಮಗೆ ಮರೆಯಲಾಗದ್ದು ನಾರ್ತ್ ಕೆರೊಲಿನಾದ ಫಾಂಟಾನಾ ಸರೋವರ. ಬೆಳಿಗ್ಗೆ ಗಾಳಿ ಏಳುವ ಮುಂಚೆ ಸರೋವರ ದಾಟಿ ಹೇಜಲ್ ಕ್ರೀಕ್ ಸೇರಿ, ಗ್ರೇಟ್ ಸ್ಮೋಕಿ ಉದ್ಯಾನದ ಪರ್ಮಿಟ್ಟಿನೊಂದಿಗೆ ರಾತ್ರಿ ತಂಗಿ, ಮಾರನೇ ದಿನ ಲೇಕ್‌ಶೋರ್ ಟ್ರೇಲಿನಲ್ಲಿ ಅಣೆಕಟ್ಟಿನ ಕಡೆ ನಡೆದು ಬರಬಹುದು. ಆ ಕಾಡಿನಲ್ಲಿ ಒಂದು ಕಾಲಕ್ಕೆ ಪ್ರಾಕ್ಟರ್ ಅನ್ನುವ ಊರಿತ್ತು. 1940ರ ದಶಕದಲ್ಲಿ ಅಣೆಕಟ್ಟು ಕಟ್ಟಿದಾಗ ಜನ ಎದ್ದು ಹೋದರು. ಕಟ್ಟಿಕೊಡುತ್ತೇವೆ ಅಂದ ರಸ್ತೆ ಮುಗಿಯಲೇ ಇಲ್ಲ. ಇವತ್ತಿಗೂ ಅವರ ಮಕ್ಕಳು ಮೊಮ್ಮಕ್ಕಳು ಹಿರಿಯರ ಗೋರಿಗೆ ಹೂವಿಡಲು ದೋಣಿಯಲ್ಲೇ ಬರುತ್ತಾರೆ. ನಮ್ಮಲ್ಲೊಬ್ಬಳ ಅಜ್ಜನ ಮನೆ ಲಿಂಗನಮಕ್ಕಿ ಹಿನ್ನೀರಿನಡಿ ಇದೆ. ಅವಳು ಆ ದಂಡೆಯಲ್ಲಿ ತುಂಬ ಹೊತ್ತು ಸುಮ್ಮನೆ ಕೂತಿದ್ದಳು.

2024ರ ಸೆಪ್ಟೆಂಬರಿನ ಹೆಲೀನ್ ಚಂಡಮಾರುತ ಪಶ್ಚಿಮ ನಾರ್ತ್ ಕೆರೊಲಿನಾದ ಎಷ್ಟೋ ರಸ್ತೆ, ಕಾಲುದಾರಿಗಳನ್ನು ಕೊಚ್ಚಿಕೊಂಡು ಹೋಗಿತ್ತು. ಯಾವುದು ತೆರೆದಿದೆ ಅಂತ ಉದ್ಯಾನ ಮತ್ತು ಅರಣ್ಯ ಇಲಾಖೆಗಳಲ್ಲಿ ವಿಚಾರಿಸಿಯೇ ಹೊರಡಿ.

ಕೊನೆಗೆ

ಒಳ್ಳೆಯ ಪ್ಯಾಕ್‌ರಾಫ್ಟ್ ಸಾವಿರ ಡಾಲರ್ ದಾಟುತ್ತೆ. ಒಬ್ಬರೇ ಕೊಳ್ಳುವ ಮಾತಲ್ಲ. ನಾವು ದುಡ್ಡು ಹಾಕಿ ಸೆಕೆಂಡ್ ಹ್ಯಾಂಡ್ ಎರಡು ಕೊಂಡಿದ್ದೇವೆ, ಜೊತೆಗೆ ನಾಲ್ಕು ಲೈಫ್ ಜಾಕೆಟ್. ಅವು ಹೊಸವು. ಎಲ್ಲವನ್ನೂ ಒಂದು ಪೆಟ್ಟಿಗೆಯಲ್ಲಿಟ್ಟಿದ್ದೇವೆ, ಸಂಘದ ಯಾರು ಬೇಕಾದರೂ ಕೇಳಿ ಒಯ್ಯಬಹುದು. ಅಂದಹಾಗೆ, ಅದು ಊರಿಂದ ಬರುವಾಗ ತಂದ 23 ಕೆ.ಜಿ.ಯ ಸೂಟ್‌ಕೇಸೇ. ಅದರ ಮುಚ್ಚಳದ ಒಳಗೆ ಒಂದು ಚೀಟಿ ಅಂಟಿಸಿದ್ದೇವೆ: ಜಾಕೆಟ್ ಇಲ್ಲದೆ ದೋಣಿ ಕೊಡುವುದಿಲ್ಲ. ಹೋಗುವ ಜಾಗ, ಬರುವ ಹೊತ್ತು ಪಕ್ಕದ ಪುಸ್ತಕದಲ್ಲಿ ಬರೆಯಬೇಕು. ವಾಪಸ್ ಬಂದು ಹೆಸರಿನ ಮುಂದೆ 'ಬಂದೆವು' ಅಂತ ಬರೆಯಬೇಕು.

ಈವರೆಗೆ ಹೋದವರೆಲ್ಲರ ಹೆಸರಿನ ಮುಂದೆ ಆ ಪದ ಇದೆ. ಮುಂದಿನ ಪುಟ ಖಾಲಿ ಇದೆ, ಬನ್ನಿ.